ಪರ್ಜ್ ವಾಲ್ವ್: ಅದು ಆವಿಯನ್ನು ಹೊರಗೆ ಬಿಡುವುದಿಲ್ಲ

ಎಂಜಿನ್ ಸ್ವಾಪ್, ಅಂದರೆ ಹಳೆ ಗಾಡಿಗೆ ಬೇರೆ ಎಂಜಿನ್ ಕೂರಿಸುವ ಮಾತು ಬಂದಾಗಲೆಲ್ಲ ಒಬ್ಬರಾದರೂ ಹೇಳುತ್ತಾರೆ: ಪರ್ಜ್ ವಾಲ್ವ್ ಟ್ಯಾಂಕಿನ ಪೆಟ್ರೋಲ್ ಆವಿಯನ್ನು ಹೊರಗೆ ಬಿಡುತ್ತೆ, ಹಳೆ ಗಾಡಿಗೆ ಅದೆಲ್ಲ ಬೇಡ, ವೈರ್ ಕಟ್ ಮಾಡಿ ಬಿಸಾಕಿ. ಇದನ್ನು ಕೇಳಿ ಕೇಳಿ ಸಾಕಾಗಿದೆ. ಪರ್ಜ್ ವಾಲ್ವ್ ಯಾವುದನ್ನೂ ಹೊರಗೆ ಬಿಡುವುದಿಲ್ಲ. ಅದು ಆವಿಯನ್ನು ಎಂಜಿನ್ನಿನ ಒಳಗೆ ಬಿಡುತ್ತದೆ.

ಗೊಂದಲ ಎಲ್ಲಿಂದ ಬಂತು ಅಂತ ಊಹಿಸುವುದು ಕಷ್ಟವಲ್ಲ. ಎಸಿ ಕೆಲಸದವರು ಲೈನ್ ಪರ್ಜ್ ಮಾಡುವುದೆಂದರೆ ಪೈಪಿನೊಳಗಿನ ಗಾಳಿಯನ್ನು ಹೊರಕ್ಕೆ ಊದಿಬಿಡುವುದು. ಭೇದಿ ಮಾತ್ರೆಯ ಇಂಗ್ಲಿಷ್ ಹೆಸರಿನಲ್ಲೂ ಇದೇ ಪದ ಇದೆ, ಅಲ್ಲೂ ಹೊರಗೆ ಹೋಗುವುದೇ ಕಥೆ. ಆದರೆ ಲ್ಯಾಟಿನ್ ಮೂಲದಲ್ಲಿ ಅರ್ಥ ಬರೀ 'ಶುಚಿ ಮಾಡು' ಅಂತ. ಹಾಗಾದರೆ ಇಲ್ಲಿ ಶುಚಿಯಾಗುವುದು ಯಾವುದು? ಟ್ಯಾಂಕ್ ಅಲ್ಲ. ಕ್ಯಾನಿಸ್ಟರ್.

ಕ್ಯಾನಿಸ್ಟರ್ ಅಂದರೆ ಇದ್ದಿಲು ತುಂಬಿದ ಡಬ್ಬಿ. ಬಿಸಿಲಿಗೆ ನಿಂತ ಗಾಡಿಯ ಟ್ಯಾಂಕಿನಲ್ಲಿ ಏಳುವ ಪೆಟ್ರೋಲ್ ಆವಿ ಬಂದು ಈ ಇದ್ದಿಲಿಗೆ ಅಂಟಿಕೊಳ್ಳುತ್ತದೆ. ಎಷ್ಟು ಅಂತ ಅಂಟಿಕೊಂಡೀತು? ಒಂದು ಹಂತಕ್ಕೆ ಇದ್ದಿಲು ತುಂಬಿಹೋಗುತ್ತದೆ. ಆಗ ಎಂಜಿನ್ನಿನ ವ್ಯಾಕ್ಯೂಮ್ (ಗಾಳಿ ಹೀರುವ ಎಳೆತ) ಹಾಯಿಸಿ, ಹೊರಗಿನ ಗಾಳಿಯನ್ನು ಡಬ್ಬಿಯ ಮೂಲಕ ಎಳೆದು, ಅಂಟಿದ ಆವಿಯನ್ನು ಇನ್‌ಟೇಕ್‌ಗೆ, ಅಂದರೆ ಎಂಜಿನ್ ಗಾಳಿ ಎಳೆದುಕೊಳ್ಳುವ ದಾರಿಗೆ, ತಂದು ಸುಡಬೇಕು. ಈ ಎಳೆಯುವ ಕೆಲಸವೇ ಪರ್ಜ್. ಅದರ ಬಾಗಿಲೇ ಪರ್ಜ್ ವಾಲ್ವ್.

ಅಮೆರಿಕದಲ್ಲಿ ಕ್ಯಾಲಿಫೋರ್ನಿಯಾ 1970ರ ಮಾಡೆಲ್‌ಗಳಿಗೆ, ಉಳಿದ ರಾಜ್ಯಗಳಿಗೆ ಕೇಂದ್ರ ಸರ್ಕಾರ 1971ರ ಮಾಡೆಲ್‌ಗಳಿಂದ ಆವಿ ಹಿಡಿಯುವ ಈ ವ್ಯವಸ್ಥೆಯನ್ನು ಕಡ್ಡಾಯ ಮಾಡಿದವು. ಆಗಿನದರಲ್ಲಿ ವೈರೇ ಇರಲಿಲ್ಲ, ಎಲ್ಲ ರಬ್ಬರ್ ಹೋಸ್. ಕಾರ್ಬುರೇಟರಿನಲ್ಲಿ ಪೆಡಲ್ ಒತ್ತಿದರೆ ತೆರೆಯುವ ಥ್ರಾಟಲ್ ತಟ್ಟೆಯ ಮೇಲ್ಗಡೆ ಒಂದು ತೂತು. ಐಡಲ್‌ನಲ್ಲಿ (ಪೆಡಲ್ ಒತ್ತದೆ ಎಂಜಿನ್ ಓಡುವಾಗ) ಅಲ್ಲಿ ವ್ಯಾಕ್ಯೂಮ್ ಇಲ್ಲ, ಪೆಡಲ್ ಒತ್ತಿದರೆ ಬರುತ್ತದೆ, ಪರ್ಜ್ ಶುರು. ಈಗ 1972ರ ಶೆವ್ರೊಲೆ ಪಿಕಪ್ಪಿಗೆ 2000ದ ನಂತರದ, ಶೆವ್ರೊಲೆಯ ಮಾತೃಸಂಸ್ಥೆ ಜಿಎಂನ ಎಲ್‌ಎಸ್ ಕುಟುಂಬದ ವಿ8 ಎಂಜಿನ್ ಕೂರಿಸಿ ನೋಡಿ. ಹಳೆ ಡಬ್ಬಿಗೆ ಹೋಸ್ ಮಾತ್ರ ಗೊತ್ತು. ಹೊಸ ಎಂಜಿನ್ ತನ್ನ ಇನ್‌ಟೇಕ್ ಮ್ಯಾನಿಫೋಲ್ಡ್ ಮೇಲೆ ಎರಡು ವೈರಿನ ಸೊಲೆನಾಯ್ಡ್, ಅಂದರೆ ಕರೆಂಟಿನಿಂದ ತೆರೆಯುವ ಪರ್ಜ್ ವಾಲ್ವ್, ಹೊತ್ತು ಬಂದಿರುತ್ತದೆ. ಜಗಳ ಇಲ್ಲಿಂದ.

ಆ ಎರಡು ವೈರಿನಲ್ಲಿ ಒಂದಕ್ಕೆ ಕೀ ಆನ್ ಆದಾಗ ಮಾತ್ರ ಬರುವ 12 ವೋಲ್ಟ್, ಫ್ಯೂಸ್ ಮೂಲಕ. ಜಿಎಂ ಹಾರ್ನೆಸ್‌ಗಳಲ್ಲಿ (ವೈರ್ ಕಟ್ಟುಗಳಲ್ಲಿ) ಇದು ಸಾಮಾನ್ಯವಾಗಿ ಗುಲಾಬಿ ಬಣ್ಣ. ಇನ್ನೊಂದು ನೇರ ಎಂಜಿನ್ ಕಂಪ್ಯೂಟರಿಗೆ ಹೋಗಬೇಕು. ಕಂಪ್ಯೂಟರ್ ಕೊಡುವುದು ಕರೆಂಟ್ ಅಲ್ಲ, ಅರ್ತ್. ಅದೂ ಬಿಟ್ಟು ಬಿಟ್ಟು, ಸೆಕೆಂಡಿಗೆ ಹಲವು ಸಲ ಮಿಡಿಯುತ್ತಾ. ಎಂಜಿನ್ ಬಿಸಿಯಾಗಿ, ಆಕ್ಸಿಜನ್ ಸೆನ್ಸರ್ ನೋಡಿ ಮಿಶ್ರಣ ತಿದ್ದುವ ಹಂತ ಬಂದ ಮೇಲೆ ನಿಧಾನಕ್ಕೆ ಬಾಗಿಲು ತೆರೆಯುತ್ತದೆ. ಒಳಗೆ ಬರುವ ಆವಿಯೂ ಪೆಟ್ರೋಲೇ ಅಲ್ವಾ? ಅಷ್ಟನ್ನು ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರಿನಿಂದ ಕಡಿಮೆ ಮಾಡಬೇಕು. ಕೆಲವರು ಎರಡನೇ ವೈರನ್ನು ಸುಮ್ನೆ ಗಾಡಿಯ ಲೋಹದ ಮೈಗೆ ಅರ್ತ್ ಮಾಡಿಬಿಡುತ್ತಾರೆ. ಆಮೇಲೆ ಬಾಗಿಲು ಸದಾ ತೆರೆದೇ ಇರುತ್ತದೆ. ಐಡಲ್ ನಡುಗುತ್ತದೆ, ಪೆಟ್ರೋಲ್ ತುಂಬಿಸಿದ ಮೇಲೆ ಗಾಡಿ ಸ್ಟಾರ್ಟ್ ಆಗಲು ಒದ್ದಾಡುತ್ತದೆ. ಬೈಗುಳ ಮಾತ್ರ ಇಂಜೆಕ್ಟರಿಗೆ.

ಇದಕ್ಕಿಂತ ಜಾಸ್ತಿ ರೇಗಿಸುವುದು ಪರ್ಜ್ ಮತ್ತು ವೆಂಟ್ ಎರಡನ್ನೂ ಒಂದೇ ಅನ್ನುವುದು. ವೆಂಟ್ ವಾಲ್ವ್ ಇರುವುದು ಹಿಂದೆ, ಕ್ಯಾನಿಸ್ಟರ್ ಹತ್ತಿರ. ಡಬ್ಬಿ ಹೊರಗಿನ ಗಾಳಿ ಎಳೆದುಕೊಳ್ಳುವ ದಾರಿ ಅದು. ಕರೆಂಟ್ ಇಲ್ಲದಿದ್ದಾಗ ಪರ್ಜ್ ಮುಚ್ಚಿರುತ್ತದೆ, ವೆಂಟ್ ತೆರೆದಿರುತ್ತದೆ. ಸೋರಿಕೆ ಪರೀಕ್ಷೆಯ ಹೊತ್ತಿಗೆ ಕಂಪ್ಯೂಟರ್ ವೆಂಟ್ ಮುಚ್ಚಿ, ಪರ್ಜ್ ತೆರೆದು, ಟ್ಯಾಂಕಿನಲ್ಲಿ ಸಣ್ಣ ವ್ಯಾಕ್ಯೂಮ್ ಮಾಡುತ್ತದೆ. ಆಮೇಲೆ ಪರ್ಜನ್ನೂ ಮುಚ್ಚಿ, ಆ ವ್ಯಾಕ್ಯೂಮ್ ನಿಲ್ಲುತ್ತದೋ ಇಳಿಯುತ್ತದೋ ಅಂತ ಟ್ಯಾಂಕಿನ ಒತ್ತಡದ ಸೆನ್ಸರಿನಿಂದ ನೋಡುತ್ತದೆ. ಆ ಸೆನ್ಸರಿಗೆ ಮೂರು ವೈರ್: 5 ವೋಲ್ಟ್, ಅರ್ತ್, ಸಿಗ್ನಲ್. ವೆಂಟ್ ಪೈಪಿಗೆ ಬಿರಡೆ ಜಡಿಯುವ ಬುದ್ಧಿವಂತರಿದ್ದಾರೆ. ಅವರ ಗಾಡಿಯಲ್ಲಿ ಪರ್ಜ್ ಕೆಲಸ ಮಾಡಿದಷ್ಟೂ ಟ್ಯಾಂಕಿನಲ್ಲಿ ವ್ಯಾಕ್ಯೂಮ್ ಏರುತ್ತದೆ, ತಗಡು ಒಳಕ್ಕೆ ಕುಗ್ಗುವ ಮಟ್ಟಕ್ಕೂ ಹೋಗಬಹುದು.

ಎಂಜಿನ್ ಕಂಪ್ಯೂಟರ್ ತೋರಿಸುವ ದೋಷದ ಕೋಡ್‌ಗಳೂ ಇವೆರಡನ್ನು ಬೇರೆ ಬೇರೆಯಾಗಿಯೇ ಹೇಳುತ್ತವೆ, ಓದುವವರು ಕಡಿಮೆ. ಪಿ0443 ಅಂದರೆ ಪರ್ಜ್ ಸೊಲೆನಾಯ್ಡ್ ಸರ್ಕ್ಯೂಟ್, ಪಿ0449 ಅಂದರೆ ವೆಂಟ್ ಸೊಲೆನಾಯ್ಡ್ ಸರ್ಕ್ಯೂಟ್. ಎರಡೂ ವೈರಿನ ವಿಷಯ. ಪಿ0455 ದೊಡ್ಡ ಸೋರಿಕೆ. ಇದಕ್ಕೆ ವೈರ್ ಹುಡುಕಿ ಪ್ರಯೋಜನವಿಲ್ಲ, ಮೊದಲು ಟ್ಯಾಂಕಿನ ಮುಚ್ಚಳ ನೋಡಿ. 1960ರ ದಶಕದ ಕಾರುಗಳ ಮುಚ್ಚಳಕ್ಕೆ ಉಸಿರಾಡುವ ತೂತೇ ಇರುತ್ತಿತ್ತು. ಅದನ್ನಿಟ್ಟುಕೊಂಡು ಸೋರಿಕೆ ಪರೀಕ್ಷೆ ಪಾಸಾಗುವ ಮಾತೇ ಇಲ್ಲ. ತೂತಿಲ್ಲದ ಮುಚ್ಚಳ ಹಾಕಿದರೆ ಟ್ಯಾಂಕಿನಿಂದ ಕ್ಯಾನಿಸ್ಟರಿಗೆ ಆವಿ ಲೈನೂ ಹಾಕಲೇಬೇಕು.

ಬೇಡ ಅನ್ನುವವರು ಕಾನೂನನ್ನೂ ನೋಡಲಿ. ಕ್ಯಾಲಿಫೋರ್ನಿಯಾದಲ್ಲಿ 1975 ಮತ್ತು ಅದಕ್ಕೂ ಹಳೆಯ ಪೆಟ್ರೋಲ್ ಕಾರುಗಳಿಗೆ ಸ್ಮಾಗ್ (ಹೊಗೆ) ತಪಾಸಣೆ ಇಲ್ಲ. 1976ರಿಂದೀಚಿನದಾದರೆ ಎಂಜಿನ್ ಗಾಡಿಯಷ್ಟೇ ಹೊಸದೋ ಇನ್ನೂ ಹೊಸದೋ ಆಗಿರಬೇಕು, ತನ್ನ ಹೊಗೆ ನಿಯಂತ್ರಣದ ಸಾಮಾನೆಲ್ಲ ಜೊತೆಗೆ ತಂದಿರಬೇಕು, ರೆಫರಿ, ಅಂದರೆ ಇಂಥ ಗಾಡಿಗಳನ್ನು ನೋಡುವ ಅಧಿಕೃತ ಪರೀಕ್ಷಕರು, ನೋಡಿ ಒಪ್ಪಬೇಕು. ಶೆವ್ರೊಲೆ ಸ್ವಾಪ್‌ಗೆಂದೇ ಮಾಡಿದ ತನ್ನ ಇ-ರಾಡ್ ಕಿಟ್ಟಿನಲ್ಲಿ ಎಂಜಿನ್, ಹೊಗೆ ಶುಚಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಜೊತೆ ಕ್ಯಾನಿಸ್ಟರನ್ನೂ ಕೊಟ್ಟದ್ದು ಇದೇ ಕಾರಣಕ್ಕೆ. ತಪಾಸಣೆ ಇಲ್ಲದ ಗಾಡಿಯಾದರೂ ಮನೆಗಂಟಿದ ಗ್ಯಾರೇಜಿನಲ್ಲಿ ನಿಲ್ಲಿಸಿದ ರಾತ್ರಿ ಅಡುಗೆಮನೆಯವರೆಗೆ ಪೆಟ್ರೋಲ್ ವಾಸನೆ ಬಂದರೆ ಡಬ್ಬಿ ಯಾಕೆ ಬೇಕಿತ್ತು ಅಂತ ಗೊತ್ತಾಗುತ್ತದೆ.

ಇನ್ನು ಪಿಸಿವಿ ವಾಲ್ವನ್ನೂ ಪರ್ಜ್ ಅಂತ ಕರೆಯುವವರಿದ್ದಾರೆ. ಅದು ಕ್ರ್ಯಾಂಕ್‌ಕೇಸಿನ, ಅಂದರೆ ಎಂಜಿನ್ನಿನ ಕೆಳಭಾಗದ, ಹಬೆಗೆ ಇರುವುದು, ಟ್ಯಾಂಕಿಗೂ ಅದಕ್ಕೂ ಸಂಬಂಧವೇ ಇಲ್ಲ.