ಪೋರ್ಚುಗಲ್‌ನ ರೊಮ್ಯಾಂಟಿಕ್ ಅರಮನೆಗಳ ಒಳಾಂಗಣ: ಗಾರೆ, ಚಿನ್ನದ ರೇಕು, ಗಾಜು, ಶಿಲ್ಪ

ಸಿಂತ್ರಾ ಬೆಟ್ಟದ ಪೆನಾ ಅರಮನೆಯಲ್ಲಿ ಒಂದು ಅರಬ್ ಕೋಣೆ ಇದೆ. ಪೋರ್ತೊ ನಗರದ ಬೋಲ್ಸಾ ಅರಮನೆಯಲ್ಲಿ ಒಂದು ಅರಬ್ ಸಭಾಂಗಣ ಇದೆ. ಹೆಸರು ಹೆಚ್ಚುಕಮ್ಮಿ ಒಂದೇ ಆದ್ದರಿಂದ ಓದುವವರು ಒಂದರ ವಿವರವನ್ನು ಇನ್ನೊಂದಕ್ಕೆ ಅಂಟಿಸಿ ಬರೆದುಬಿಡುತ್ತಾರೆ. ಕೆಲಸದ ಬಗೆ ನೋಡಿದರೆ ಎರಡೂ ತದ್ವಿರುದ್ಧ. ಪೆನಾದ ಗೋಡೆ ಸಪಾಟು. ಅಲ್ಲಿ ಕಾಣುವ ಕಮಾನು, ಗೂಡು, ಚಾಚು ಎಲ್ಲ 1854ರಲ್ಲಿ ಪಾವೊಲೊ ಪಿಜ್ಜಿ ಕುಂಚದಿಂದ ಬರೆದವು. ಪೋರ್ತೊದಲ್ಲಿರುವುದು ಬೆರಳಿಟ್ಟರೆ ಕುಳಿ ಸಿಗುವ ಉಬ್ಬುಗಾರೆ, ಅದರ ಮೇಲೆ ಬಣ್ಣ, ಚಿನ್ನ. ಗುಸ್ತಾವೊ ಅದೊಲ್ಫೊ ಗೊನ್ಸಾಲ್ವೆಸ್ ಇ ಸೌಜಾ ಅದನ್ನು ವಿನ್ಯಾಸ ಮಾಡಿದರು; 1862ರಲ್ಲಿ ಶುರುವಾದ ಕೆಲಸ ಮುಗಿದದ್ದು 1880ಕ್ಕೆ. ಹದಿನೆಂಟು ವರ್ಷ ಯಾಕೆ ಹಿಡಿಯಿತು ಎಂಬುದು ಗಾರೆಯ ಕೆಲಸ ತಿಳಿದರೆ ತಾನಾಗಿಯೇ ಅರ್ಥವಾಗುತ್ತದೆ.

ಈ ಕಾಲದ ಒಳಾಂಗಣಗಳನ್ನು ಓದಲು ಮೂರೇ ಪ್ರಶ್ನೆ ಸಾಕು. ಈ ವಸ್ತು ನಿಜಕ್ಕೂ ಏನು? ಅದು ಏನೆಂದು ನಟಿಸುತ್ತಿದೆ? ಬೆಳಕು ಎಲ್ಲಿಂದ ಬೀಳುತ್ತದೆ? ಶೈಲಿಯ ಹೆಸರುಗಳನ್ನು (ನವಗೋಥಿಕ್, ನವಮೂರಿಷ್, ನವಮ್ಯಾನುಯೆಲಿನ್) ಬಾಯಿಪಾಠ ಮಾಡಿದವರಿಗಿಂತ ಈ ಮೂರು ಪ್ರಶ್ನೆ ಕೇಳಿಕೊಂಡವರೇ ಚಿತ್ರ ನೋಡಿ ಕೃತಿ ಗುರುತಿಸುವಾಗ ಗೆಲ್ಲುತ್ತಾರೆ.

ಹಿನ್ನೆಲೆ, ಬೇಕಾದಷ್ಟು ಮಾತ್ರ

1834ರಲ್ಲಿ ಪೋರ್ಚುಗಲ್‌ನಲ್ಲಿ ಪುರುಷ ಸನ್ಯಾಸಿ ಸಂಘಗಳು ರದ್ದಾದವು, ಮಠಗಳ ಕಟ್ಟಡಗಳು ಮಾರಾಟಕ್ಕೆ ಬಂದವು. ರಾಣಿ ಎರಡನೇ ಮರಿಯಾಳ ಪತಿ, ಜರ್ಮನ್ ಮನೆತನದ ಎರಡನೇ ಫರ್ಡಿನಾಂಡ್, 1838ರಲ್ಲಿ ಪೆನಾ ಬೆಟ್ಟದ ಮೇಲಿನ ಹಾಳುಬಿದ್ದ ಮಠವನ್ನು ಕೊಂಡ. 1755ರ ಭೂಕಂಪದಲ್ಲಿ ಅದಕ್ಕೆ ಬಲವಾದ ಏಟು ಬಿದ್ದಿತ್ತು. ಅರಮನೆ ಕಟ್ಟಿಸಲು ಅವನು ಆರಿಸಿಕೊಂಡ ಬ್ಯಾರನ್ ಫಾನ್ ಎಶ್ವೇಗೆ ವೃತ್ತಿಯಿಂದ ಗಣಿ ಎಂಜಿನಿಯರ್, ವಾಸ್ತುಶಿಲ್ಪಿಯಲ್ಲ. ಅಲಂಕಾರದ ಬಹಳಷ್ಟು ನಿರ್ಧಾರ ರಾಜನದೇ. ಹಳೆಯ ಮಠದ ಅಂಗಳ ಮತ್ತು ಚಾಪೆಲ್ ಹಾಗೇ ಉಳಿದವು, ಅವುಗಳ ಸುತ್ತ ಹೊಸ ಕೋಣೆಗಳು ಬಂದವು. ಹಾಗಾಗಿ ಪೆನಾದಲ್ಲಿ ಹದಿನಾರನೇ ಶತಮಾನದ ಅಸಲಿ ಕೆಲಸವೂ ಹತ್ತೊಂಬತ್ತನೆಯದರ ಅನುಕರಣೆಯೂ ಹತ್ತು ಹೆಜ್ಜೆ ಅಂತರದಲ್ಲಿ ಸಿಗುತ್ತವೆ. ಅಭ್ಯಾಸಕ್ಕೆ ಇಷ್ಟು ಅನುಕೂಲದ ಜಾಗ ಕಡಿಮೆ.

ಬೋಲ್ಸಾವನ್ನು ಅರಮನೆ ಎಂದು ಕರೆದರೂ ಅಲ್ಲಿ ರಾಜ ವಾಸವಿರಲಿಲ್ಲ. ಅಂತರ್ಯುದ್ಧದಲ್ಲಿ ನಡೆದ ಪೋರ್ತೊ ಮುತ್ತಿಗೆಯ ಕಾಲದಲ್ಲಿ, 1832ರಲ್ಲಿ, ಸುಟ್ಟುಹೋದ ಸಂತ ಫ್ರಾನ್ಸಿಸ್ ಮಠದ ಜಾಗದಲ್ಲಿ ಅಲ್ಲಿನ ವರ್ತಕರ ಸಂಘ 1842ರಲ್ಲಿ ಕಟ್ಟಲು ಶುರುಮಾಡಿತು. ರಾಜ ಮೋಜಿಗೆ ಮಾಡಿದ್ದನ್ನು ವರ್ತಕರು ಪ್ರತಿಷ್ಠೆಗೆ ಮಾಡಿದರು, ಖರ್ಚಿನಲ್ಲೂ ಹಿಂದೆ ಬೀಳಲಿಲ್ಲ.

ಗಾರೆ: ಎಲ್ಲದರ ಬೇರು ಇಲ್ಲಿದೆ

ಪೆನಾ ಚಾಪೆಲ್‌ನ ಬಲಿಪೀಠದ ಹಿಂದೆ ನಿಕೊಲಾ ಶಾಂತರೇನ್ 1529ರಿಂದ 1532ರವರೆಗೆ ಕೆತ್ತಿದ ಅಲಬಾಸ್ಟರ್ ಶಿಲ್ಪಫಲಕವಿದೆ. ಪಕ್ಕದ ಕೋಣೆಗಳಲ್ಲಿ ರೊಮ್ಯಾಂಟಿಕ್ ಕಾಲದ ಗಾರೆಯ ಚಾವಣಿಗಳಿವೆ. ರಾಸಾಯನಿಕವಾಗಿ ಎರಡೂ ಜಿಪ್ಸಂ. ಒಂದು ನೆಲದೊಳಗೆ ಗಟ್ಟಿಯಾದ ಕಲ್ಲು. ಇನ್ನೊಂದು ಆ ಖನಿಜವನ್ನೇ ಸುಮಾರು 150 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟು, ಅದರೊಳಗಿನ ನೀರಿನ ಮುಕ್ಕಾಲು ಪಾಲು ಹಾರಿಸಿ, ಪುಡಿ ಮಾಡಿ, ಮತ್ತೆ ನೀರು ಕೊಟ್ಟು ಕಲ್ಲಾಗಿಸಿದ್ದು. ನಮ್ಮ ಮನೆಗಳ ಚಾವಣಿಗೆ ಹಾಕುವ ಪಿಓಪಿಯೂ ಇದೇ. ಹಾಗಾಗಿ ಎರಡಕ್ಕೂ ಒಂದೇ ಶತ್ರು: ನೀರು. ಜಿಪ್ಸಂ ಲೀಟರ್‌ ನೀರಿಗೆ ಸುಮಾರು 2 ಗ್ರಾಂ ಕರಗುತ್ತದೆ. ಕಡಿಮೆ ಅನ್ನಿಸಬಹುದು, ಆದರೆ ಒದ್ದೆ ಬಟ್ಟೆಯಿಂದ ವರ್ಷಾನುಗಟ್ಟಲೆ ಒರೆಸಿದರೆ ಕೆತ್ತನೆಯ ಅಂಚು ಮೊಂಡಾಗಲು ಅಷ್ಟು ಸಾಕು.

ಕೆಲಸದ ಕ್ರಮ ಹೀಗೆ. ಚಾವಣಿಯ ಅಂಚಿನುದ್ದ ಓಡುವ ಪಟ್ಟಿಗಳನ್ನು ಸ್ಥಳದಲ್ಲೇ ಎಳೆಯುತ್ತಾರೆ. ಬೇಕಾದ ಆಕಾರಕ್ಕೆ ಕತ್ತರಿಸಿದ ಲೋಹದ ತಗಡನ್ನು ಮರದ ಹಿಡಿಗೆ ಬಡಿದು, ಗೋಡೆಗೆ ಹೊಡೆದ ರೀಪಿನ ಮೇಲೆ ಜಾರಿಸುತ್ತ, ಹಸಿ ಗಾರೆಯ ಮೇಲೆ ಹತ್ತಾರು ಸಲ ಹಾಯಿಸುತ್ತಾರೆ. ಇದಕ್ಕೆ ಬರೀ ಜಿಪ್ಸಂ ಸಾಲದು, ಎಳೆದು ಮುಗಿಸುವುದರೊಳಗೆ ಬಿಗಿದುಕೊಳ್ಳುತ್ತದೆ. ನೆನೆಸಿದ ಸುಣ್ಣದ ಮುದ್ದೆ ಮತ್ತು ಜಿಪ್ಸಂ ಸರಿಸಮ ಬೆರೆಸಿದರೆ ಕೈಗೆ ಬೇಕಾದ ಸಮಯ ಸಿಗುತ್ತದೆ. ಮರವಜ್ರವನ್ನು (ಪ್ರಾಣಿಗಳ ಚರ್ಮ, ಮೂಳೆಯ ಅಂಟು) ಚಿಟಿಕೆಯಷ್ಟು ಸೇರಿಸಿದರೆ ಇನ್ನೂ ನಿಧಾನ.

ಹೂ, ಎಲೆ, ಜೇನುಗೂಡಿನಂತೆ ಇಳಿಬಿದ್ದ ಮುಕರ್ನಾಸ್ ತುಂಡು, ಅರಬ್ ಬರಹದ ಪಟ್ಟಿ ಇವು ಎಳೆಯುವ ಕೆಲಸವಲ್ಲ, ಅಚ್ಚಿನ ಕೆಲಸ. ಮೊದಲು ಜೇಡಿಮಣ್ಣಿನಲ್ಲಿ ಒಂದು ಮಾದರಿ, ಅದರಿಂದ ಅಚ್ಚು, ಅಚ್ಚಿನಿಂದ ನೂರಾರು ಪ್ರತಿ. ಹತ್ತೊಂಬತ್ತನೇ ಶತಮಾನದಲ್ಲಿ ಬಳಕೆಗೆ ಬಂದ ಜೆಲಾಟಿನ್ ಅಚ್ಚು ಇಲ್ಲಿ ದೊಡ್ಡ ಬದಲಾವಣೆ ತಂದಿತು. ಗಟ್ಟಿ ಅಚ್ಚಿನಿಂದ ಬಿಡಿಸುವಾಗ ಒಳಗೆ ತಿರುಗಿದ ಎಲೆಯ ಅಂಚು ಮುರಿಯುತ್ತಿತ್ತು. ಜೆಲಾಟಿನ್ ಬಳುಕಿಕೊಂಡು ಬಿಟ್ಟುಕೊಡುತ್ತದೆ. ಆದರೆ ಜಿಪ್ಸಂ ಬಿಗಿಯುವಾಗ ಬಿಸಿಯಾಗುತ್ತದೆ, ಆ ಬಿಸಿಗೆ ಜೆಲಾಟಿನ್ ಮೆತ್ತಗಾಗುತ್ತದೆ. ಹತ್ತಾರು ಎರಕವಾದ ಮೇಲೆ ಅಚ್ಚಿನ ಚೂಪು ಹೋಗಿ, ಅದನ್ನು ಕರಗಿಸಿ ಮತ್ತೆ ಹೊಸ ಅಚ್ಚು ಹುಯ್ಯಬೇಕು. ಸಾಲಿನಲ್ಲಿ ಪಕ್ಕಪಕ್ಕದ ಎರಡು ಹೂಗಳಲ್ಲಿ ಒಂದು ಚೂಪಾಗಿ, ಇನ್ನೊಂದು ಮೊಂಡಾಗಿ ಕಂಡರೆ ಕಾರಣ ಇದೂ ಇರಬಹುದು. ಎಲ್ಲ ಮೊಂಡುತನವನ್ನೂ ಸವೆತದ ತಲೆಗೆ ಕಟ್ಟಬೇಡಿ.

ಎರಕದ ಅಳತೆ: 100 ಭಾಗ ಜಿಪ್ಸಂಗೆ ತೂಕದಲ್ಲಿ 60ರಿಂದ 70 ಭಾಗ ನೀರು. ಪುಡಿಯನ್ನು ನೀರಿಗೆ ಉದುರಿಸಬೇಕು, ಪುಡಿಯ ಮೇಲೆ ನೀರು ಸುರಿದರೆ ಗಂಟು ಕಟ್ಟುತ್ತದೆ. ಬಿಗಿಯತೊಡಗಿದ್ದನ್ನು ಮತ್ತೆ ನೀರು ಹಾಕಿ ಕಲಸಿದರೆ ಆಗತಾನೇ ಹೆಣೆದುಕೊಳ್ಳುತ್ತಿದ್ದ ಹರಳುಗಳು ಒಡೆದು, ಒಣಗಿದ ಮೇಲೆ ಉಗುರಿಗೇ ಪುಡಿಯಾಗುತ್ತದೆ. ಮೇಸ್ತ್ರಿ ಅದನ್ನು ಸತ್ತ ಗಾರೆ ಎಂದು ಎಸೆದುಬಿಡುತ್ತಾನೆ.

ತುಂಡುಗಳನ್ನು ಚಾವಣಿಗೆ ಕೂರಿಸುವಾಗ ಎರಡೂ ಮುಖಗಳನ್ನು ಗೀರಿ, ಒದ್ದೆ ಮಾಡಿ, ನೀರಾದ ಜಿಪ್ಸಂ ಬಳಿದು ಒತ್ತುತ್ತಾರೆ. ಭಾರದ ತುಂಡಿಗೆ ಮೊಳೆ ಅಥವಾ ತಂತಿಯ ಆಸರೆ. ಕೇಡು ಶುರುವಾಗುವುದು ಇಲ್ಲೇ. ಸಿಂತ್ರಾ ಬೆಟ್ಟಕ್ಕೆ ಅಟ್ಲಾಂಟಿಕ್‌ನಿಂದ ಮಂಜು ಬಂದು ಕೂರುತ್ತದೆ, ಬೇಸಿಗೆಯಲ್ಲೂ. ತೇವ ಒಳಸೇರಿ ಕಬ್ಬಿಣ ತುಕ್ಕು ಹಿಡಿದರೆ ಅದರ ಗಾತ್ರ ಹಲವು ಪಟ್ಟು ಉಬ್ಬುತ್ತದೆ, ಗಾರೆ ಒಳಗಿನಿಂದ ಸೀಳುತ್ತದೆ. ಕಂದು ಕಲೆಯ ಸುತ್ತ ನಕ್ಷತ್ರದ ಹಾಗೆ ಬಿರುಕು ಕಂಡರೆ ಕೆಳಗೆ ಮೊಳೆ ಇದೆ ಎಂದೇ ಲೆಕ್ಕ. ಉದ್ದಕ್ಕೆ ನೇರವಾಗಿ ಓಡುವ ಬಿರುಕಾದರೆ ಕಾರಣ ಬೇರೆ: ಹಿಂದಿನ ಮರದ ಪಟ್ಟಿ ತೇವಕ್ಕೆ ಹಿಗ್ಗಿ ಒಣಗಿ ಕುಗ್ಗಿದೆ.

ಈ ಕಸುಬಿನಲ್ಲಿ ಪೋರ್ಚುಗಲ್‌ನ ಉತ್ತರ ತುದಿಯ ಅಫಿಫೆ ಎಂಬ ಊರಿನ ಗಾರೆಯವರು ಹೆಸರುವಾಸಿ. ಪೆನಾದಲ್ಲಿ ದುಡಿದ ದೊಮಿಂಗೊಸ್ ಮೈರಾ ಆ ಊರಿನವರು.

ಚಿನ್ನದ ರೇಕು

ಪೋರ್ತೊದ ಸಭಾಂಗಣ ಸ್ಪೇನ್‌ನ ಗ್ರನಾಡಾದಲ್ಲಿರುವ ಮೂರಿಷ್ ಅರಮನೆ ಅಲ್ಹಂಬ್ರಾವನ್ನು ನೆನೆಯುತ್ತದೆ. ಬ್ರಿಟಿಷ್ ವಾಸ್ತುಶಿಲ್ಪಿ ಓವನ್ ಜೋನ್ಸ್ 1854ರಲ್ಲಿ ಲಂಡನ್ ಬಳಿಯ ಸಿಡೆನ್‌ಹ್ಯಾಮ್‌ನ ಗಾಜಿನ ಅರಮನೆಯಲ್ಲಿ ಅಲ್ಹಂಬ್ರಾ ಅಂಗಳದ ಪ್ರತಿರೂಪ ನಿಲ್ಲಿಸಿದ ಮೇಲೆ ಕೆಂಪು, ನೀಲಿ, ಚಿನ್ನದ ಈ ಜೋಡಣೆ ಯುರೋಪಿನಲ್ಲೆಲ್ಲ ರೂಢಿಗೆ ಬಂತು. ಚಿನ್ನ ಎಂದೊಡನೆ ತೂಕ ಲೆಕ್ಕ ಹಾಕುವವರು ರೇಕಿನ ದಪ್ಪ ಗಮನಿಸಬೇಕು: ಮಿಲಿಮೀಟರಿನ ಹತ್ತುಸಾವಿರದಲ್ಲೊಂದು ಭಾಗದಷ್ಟು. ಒಂದು ಗ್ರಾಂ ಚಿನ್ನ ಸುಮಾರು ಅರ್ಧ ಚದರ ಮೀಟರ್ ಹರಡುತ್ತದೆ. ಉಬ್ಬುಗಾರೆಯಲ್ಲಿ ಕುಳಿ, ತಿರುವು ಸೇರಿದರೆ ನಿಜವಾದ ಮೇಲ್ಮೈ ಗೋಡೆಯ ಅಳತೆಗಿಂತ ಎಷ್ಟೋ ಹೆಚ್ಚು. ಚಿನ್ನ ಬೇಡುವುದೂ ಅದಕ್ಕೆ ತಕ್ಕಂತೆ.

ಗಾರೆ ನೀರು ಕುಡಿಯುತ್ತದೆ, ಅಂಟನ್ನೂ ಕುಡಿಯುತ್ತದೆ. ಅದಕ್ಕೇ ಮೊದಲು ಅರಗಿನ ವಾರ್ನಿಶ್ ಅಥವಾ ಎಣ್ಣೆಬಣ್ಣದಿಂದ ರಂಧ್ರ ಮುಚ್ಚಿ, ಆಮೇಲೆ ಎಣ್ಣೆಯ ಅಂಟು ತೆಳುವಾಗಿ ಬಳಿದು, ಬೆರಳ ಹಿಂಬದಿಗೆ ತುಸು ಜಿಗುಟು ತಗಲುವ ಹದಕ್ಕೆ ಕಾದು ರೇಕು ಕೂರಿಸುತ್ತಾರೆ. ಅವಸರಪಟ್ಟರೆ ರೇಕು ಅಂಟಿನಲ್ಲಿ ಮುಳುಗಿ ಮಂಕಾಗುತ್ತದೆ, ತಡವಾದರೆ ಹಿಡಿಯುವುದೇ ಇಲ್ಲ. ಎಣ್ಣೆಯ ಅಂಟಿನ ಚಿನ್ನವನ್ನು ಉಜ್ಜಿ ಕನ್ನಡಿಯಂತೆ ಹೊಳೆಸಲಾಗದು; ಆ ಹೊಳಪು ಬೇಕಿದ್ದರೆ ಕೆಂಪು ಜೇಡಿಯ ಪದರದ ಮೇಲೆ ನೀರಿನ ವಿಧಾನ, ಅದು ಸಾಮಾನ್ಯವಾಗಿ ಮರದ ಪೀಠೋಪಕರಣಕ್ಕೆ. ಮೈಸೂರು ಚಿತ್ರಕಲೆಯ ಉಬ್ಬು ಕೆಲಸ, ಅದರ ಮೇಲಿನ ರೇಕು ನೋಡಿದವರಿಗೆ ಈ ತರ್ಕ ಹೊಸದಲ್ಲ.

ಬರೆದ ಉಬ್ಬು

ಮತ್ತೆ ಪಿಜ್ಜಿಯ ಕೋಣೆಗೆ. ಕಣ್ಣಿಗೆ ಮೋಸಮಾಡುವ ಈ ಚಿತ್ರಗಾರಿಕೆ ನಿಂತಿರುವುದು ನೆರಳಿನ ಮೇಲೆ. ಬರೆದ ಚಾಚಿನ ನೆರಳು ಕೋಣೆಯ ನಿಜವಾದ ಕಿಟಕಿಗೆ ಎದುರು ದಿಕ್ಕಿನಲ್ಲಿ ಬೀಳಬೇಕು. ಹಾಗೆ ಬಿದ್ದರೆ ಕಣ್ಣು ನಂಬುತ್ತದೆ. ಗುರುತಿಸುವ ಉಪಾಯವೂ ಅದರಲ್ಲೇ ಇದೆ: ನೀವು ಪಕ್ಕಕ್ಕೆ ನಡೆದಾಗ ನಿಜವಾದ ಉಬ್ಬಿನ ಹಿಂದಿನ ಭಾಗ ಮರೆಯಾಗುತ್ತ ತೆರೆಯುತ್ತ ಹೋಗುತ್ತದೆ, ಬರೆದದ್ದು ಇದ್ದ ಹಾಗೇ ಇರುತ್ತದೆ. ಫೋಟೊದಲ್ಲಿ ಈ ಅನುಕೂಲವಿಲ್ಲ. ಅಲ್ಲಿ ಕಿಟಕಿಯ ಪಕ್ಕದ ಗೋಡೆಯನ್ನು ನೋಡಿ. ಓರೆಯಾಗಿ ಬಿದ್ದ ಬೆಳಕಿನಲ್ಲಿ ಬರೆದ ಗೋಡೆ ಚಪ್ಪಟೆಯಾಗಿ ಸಿಕ್ಕಿಬೀಳುತ್ತದೆ.

ಪೆನಾದ ದೊಡ್ಡ ಸಭಾಂಗಣದಲ್ಲಿ 72 ಮೇಣದಬತ್ತಿಗಳ ದೀಪಗುಚ್ಛವಿದೆ, ದೀಪ ಹಿಡಿದು ನಿಂತ ನಾಲ್ವರು ತುರ್ಕಿಯರ ಪ್ರತಿಮೆಗಳಿವೆ. ಈ ಪ್ರತಿಮೆಗಳನ್ನು ಶಿಲ್ಪ ಎಂದು ಮಾತ್ರ ಬರೆದರೆ ಅರ್ಧ ಉತ್ತರ, ಅವು ಬೆಳಕಿನ ಕಂಬಗಳೂ ಹೌದು. ಆಳೆತ್ತರದಲ್ಲಿ ಉರಿಯುವ ಜ್ವಾಲೆ ಗಾರೆಯ ಕುಳಿಗಳಲ್ಲಿ ಮೇಲ್ಮುಖವಾಗಿ ನೆರಳು ಎಬ್ಬಿಸುತ್ತದೆ. ಇಂದಿನ ಹಗಲು ಫೋಟೊಗಳಲ್ಲಿ ಚಾವಣಿ ಪೇಲವವಾಗಿ ಕಾಣಲು ಕೆಳಗಿನಿಂದ ಬರುವ ಆ ಬೆಳಕು ಇಲ್ಲದಿರುವುದೇ ಕಾರಣ.

ಬಣ್ಣದ ಗಾಜು

ಚಾಪೆಲ್‌ಗೆ ಫರ್ಡಿನಾಂಡ್ ನ್ಯೂರೆಂಬರ್ಗ್‌ನ ಕೆಲ್ನರ್ ಕಾರ್ಖಾನೆಯಿಂದ ಗಾಜು ತರಿಸಿದ. ಮಠ ಕಟ್ಟಿಸಿದ ದೊರೆ ಮ್ಯಾನುಯೆಲ್, ವಾಸ್ಕೊ ಡ ಗಾಮಾ ಇಬ್ಬರೂ ಅದರಲ್ಲಿದ್ದಾರೆ. ಎರಡು ಬಗೆಯ ಬಣ್ಣ ಬೇರೆ ಮಾಡಿ ನೋಡಿ: ಕರಗಿಸುವಾಗಲೇ ಬೆರೆತ ಬಣ್ಣ, ಮೇಲೆ ಬರೆದು ಸುಟ್ಟ ಬಣ್ಣ. ಮುಖದ ಗೆರೆಗಳು ಎರಡನೆಯ ಜಾತಿ, ಸುಮಾರು 600 ಡಿಗ್ರಿಯಲ್ಲಿ ಗಾಜಿಗೆ ಬೆಸೆದವು. ಹಳದಿ ಬರುವುದು ಬೆಳ್ಳಿಯ ಲವಣದಿಂದ, ಅದನ್ನು ಸಾಮಾನ್ಯವಾಗಿ ಹೊರಮೈಗೆ ಬಳಿಯುತ್ತಾರೆ. ಸುಡುವಾಗ ಶಾಖ ಸಾಲದೆ ಹೋದರೆ ಮೊದಲು ಉದುರುವುದು ಮುಖದ ಗೆರೆಗಳೇ, ಸಂತನ ಕಣ್ಣು ಮೂಗು ಮಾಯವಾಗಿ ಬರೀ ಗಾಜು ಉಳಿಯುತ್ತದೆ.

ಶಿಲ್ಪ

ಪೋರ್ತೊದ ಕರಾಂಕಾಸ್ ಅರಮನೆಯನ್ನು ದೊರೆ ಐದನೇ ಪೆದ್ರೊ 1861ರಲ್ಲಿ ಕೊಂಡ. ಈಗ ಅದು ಶಿಲ್ಪಿ ಸೊಆರೆಸ್ ದೊಸ್ ರೈಸ್ ಹೆಸರಿನ ವಸ್ತುಸಂಗ್ರಹಾಲಯ. ಅವರ ‘ಗಡಿಪಾರಾದವನು’ ಅಲ್ಲಿದೆ, ರೋಮ್‌ನಲ್ಲಿ ವಿದ್ಯಾರ್ಥಿವೇತನದ ಮೇಲಿದ್ದಾಗ 1872ರಲ್ಲಿ ಮಾಡಿದ ಕರಾರಾ ಅಮೃತಶಿಲೆಯ ಕೃತಿ. ಬಂಡೆಯ ಮೇಲೆ ಕೂತ ಬೆತ್ತಲೆ ಯುವಕ, ತಗ್ಗಿದ ದೃಷ್ಟಿ, ಒಂದರೊಳಗೊಂದು ಹೆಣೆದ ಬೆರಳು. ಆ ಬೆರಳುಗಳನ್ನೇ ನೋಡಿ. ಆ ಕಾಲದ ಕ್ರಮದಲ್ಲಿ ಮೊದಲು ಜೇಡಿ, ಆಮೇಲೆ ಪ್ಲಾಸ್ಟರ್ ಎರಕ, ಕೊನೆಗೆ ಕಲ್ಲು. ಎರಕದ ಮೇಲೆ ಮೂರು ಆಧಾರಬಿಂದು ಇಟ್ಟು, ಸೂಜಿಯುಳ್ಳ ಅಳತೆಯ ಚೌಕಟ್ಟಿನಿಂದ ಒಂದೊಂದೇ ಬಿಂದುವಿನ ಆಳವನ್ನು ಕಲ್ಲಿಗೆ ಸಾಗಿಸುತ್ತಾರೆ, ಕೆಲವು ಮಿಲಿಮೀಟರ್ ಕಲ್ಲು ಉಳಿಸಿಕೊಂಡು. ಬಯಲಾಗಿರುವ ಬೆನ್ನು, ತೊಡೆಗೆ ಸೂಜಿ ಸಲೀಸಾಗಿ ಹೋಗುತ್ತದೆ. ಹೆಣೆದ ಬೆರಳ ಸಂದಿಗೆ ಹೋಗುವುದಿಲ್ಲ. ಅಲ್ಲಿ ಸಣ್ಣ ಬೈರಿಗೆ ಮತ್ತು ಕೈಯಂದಾಜೇ ಗತಿ, ಒಂದು ಏಟು ತಪ್ಪಿದರೆ ಬೆರಳು ಹೋಯಿತು.

ಭಾರತದಿಂದ ಬಂದದ್ದು, ತೊಗಟೆಯಿಂದ ಆದದ್ದು

ಸಿಂತ್ರಾದ ಮೊನ್ಸೆರಾತ್ ಅರಮನೆಯನ್ನು ಇಂಗ್ಲಿಷ್ ಜವಳಿ ವರ್ತಕ ಫ್ರಾನ್ಸಿಸ್ ಕುಕ್‌ಗಾಗಿ ಜೇಮ್ಸ್ ನೋಲ್ಸ್ ರೂಪಿಸಿದರು. ಗುಲಾಬಿ ಕಂಬಗಳ ಉದ್ದನೆಯ ಓಣಿ, ಕಮಾನಿನ ಹಿಂದೆ ಕಮಾನು, ಮೇಲೆಲ್ಲ ಕಸೂತಿಯಂಥ ಗಾರೆ. ಅದರ ನಡುವೆ ಭಾರತದಿಂದ ಬಂದ ಕೆತ್ತನೆಯ ಜಾಲಂಧ್ರ ಫಲಕಗಳೂ ಇವೆ. ಅಲಬಾಸ್ಟರ್ ಎಂಬ ಹೆಸರಿನಲ್ಲಿ ಪಟ್ಟಿಯಾಗಿವೆ. ಯುರೋಪಿನವರು ನಮ್ಮ ಕಡೆಯ ಕಲ್ಲಿಗೆ ಆ ಹೆಸರನ್ನು ಸಡಿಲವಾಗಿ ಬಳಸುತ್ತಿದ್ದರು, ಅಮೃತಶಿಲೆಯನ್ನೂ ಹಾಗೇ ಕರೆದದ್ದುಂಟು. ಜಾಲಂಧ್ರವನ್ನು ಗಾರೆಯಿಂದ ಬೇರೆ ಮಾಡುವುದು ಸುಲಭ: ಕೈಯಲ್ಲಿ ಕೊರೆದ ತೂತುಗಳು ಒಂದರಂತೆ ಇನ್ನೊಂದಿರುವುದಿಲ್ಲ, ಅಚ್ಚಿನ ತೂತುಗಳು ಒಂದು ಅಳತೆಗೆ ಮರುಕಳಿಸುತ್ತವೆ.

ಪೆನಾ ಉದ್ಯಾನದ ಕೊನೆಯಲ್ಲಿರುವ ಎಡ್ಲಾ ಕೌಂಟೆಸ್‌ಳ ‘ಷಾಲೆ’ಯನ್ನು (ಆಲ್ಪ್ಸ್ ಬಗೆಯ ಬೆಟ್ಟದ ಮನೆ) ಫರ್ಡಿನಾಂಡ್ ತನ್ನ ಎರಡನೇ ಹೆಂಡತಿ, ಗಾಯಕಿ ಎಲೀಸ್ ಹೆನ್ಸ್ಲರ್‌ಗಾಗಿ (ಎಡ್ಲಾ ಕೌಂಟೆಸ್ ಇವಳೇ) 1860ರ ದಶಕದಲ್ಲಿ ಕಟ್ಟಿಸಿದ. ನೋಡಲು ಆಲ್ಪ್ಸ್ ಬೆಟ್ಟದ ಮರದ ಮನೆ. ವಾಸ್ತವದಲ್ಲಿ ಕಲ್ಲುಗಾರೆಯ ಗೋಡೆಗೆ ಹಲಗೆಯಂತೆ ಬಣ್ಣ ಬರೆದದ್ದು. ಬಾಗಿಲು ಕಿಟಕಿಗಳ ಸುತ್ತ ಮಾತ್ರ ಕಾರ್ಕ್ ಮರದ ಒರಟು ತೊಗಟೆಯನ್ನೇ ಬಡಿದಿದ್ದಾರೆ, ಒಂದು ಕೋಣೆಯ ಗೋಡೆ ತುಂಬ ಗಾರೆಯ ಐವಿ ಬಳ್ಳಿ. 1999ರ ಬೆಂಕಿ ಒಳಗಿನ ಬಹುಭಾಗವನ್ನು ನುಂಗಿತು. ದುರಸ್ತಿಯಾಗಿ 2011ರಲ್ಲಿ ಮತ್ತೆ ತೆರೆಯಿತು. ಅಲ್ಲಿ ಇಂದು ಕಾಣುವ ತೊಗಟೆ, ಬಳ್ಳಿ ನೋಡಿ ಕಾಲ ಬರೆಯುವಾಗ ವಿನ್ಯಾಸಕ್ಕೆ 1860ರ ದಶಕ, ವಸ್ತುವಿಗೆ ದುರಸ್ತಿಯ ಕಾಲ ಎಂದು ಎರಡನ್ನೂ ಬೇರೆಬೇರೆಯಾಗಿ ಬರೆಯಿರಿ.