ಜೋಗದ ನೀರಿನ ಲೆಕ್ಕ

ಜಲವಿದ್ಯುತ್ ಕ್ಷೇತ್ರದಲ್ಲಿ ಎಂಜಿನಿಯರ್ ಆಗಿದ್ದವನೆಂದು ತಿಳಿದೊಡನೆ ಬಂಧುಮಿತ್ರರು ನನ್ನನ್ನು ಮೊದಲು ಕೇಳುವುದು, ‘ಈ ವಾರ ಜೋಗದಲ್ಲಿ ನೀರಿದೆಯೇ?’ ಎಂದು. ಇದಕ್ಕೆ ಒಂದೇ ಮಾತಿನಲ್ಲಿ ಉತ್ತರಿಸುವುದು ಕಷ್ಟ. ಏಕೆಂದರೆ ಜೋಗದ ನೀರಿಗೆ ಎರಡು ಮೂಲಗಳಿವೆ.

ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿಗೆ, ಜಲಪಾತದಿಂದ ಸುಮಾರು 6 ಕಿ.ಮೀ. ಮೇಲ್ಭಾಗದಲ್ಲಿ, 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಕಟ್ಟಲಾಯಿತು. ಜೂನ್, ಜುಲೈ ತಿಂಗಳಲ್ಲಿ ನಾವು ನೋಡುವ ನೀರು ಬಹುಮಟ್ಟಿಗೆ ಈ ಅಣೆಕಟ್ಟಿನ ಕೆಳಗಿನ ಕಾಡು, ಹಳ್ಳಗಳಿಂದ ಹರಿದು ಬಂದ ಮಳೆಯ ನೀರು. ಜಲಾಶಯದ ಮಟ್ಟ ಗರಿಷ್ಠ 1,819 ಅಡಿಯನ್ನು (ಸಮುದ್ರಮಟ್ಟದಿಂದ) ಸಮೀಪಿಸಿ ಗೇಟುಗಳನ್ನು ತೆರೆದರೆ ಮಾತ್ರ ನದಿಯ ನಿಜವಾದ ಹರಿವು ಜೋಗಕ್ಕೆ ತಲುಪುತ್ತದೆ, ಮತ್ತು ಅದು ಎಲ್ಲ ವರ್ಷವೂ ಆಗುವುದಿಲ್ಲ. ಆದ್ದರಿಂದ ಹೊರಡುವ ಮುನ್ನ ಮಳೆಯ ಸುದ್ದಿಯ ಜೊತೆಗೆ ಪತ್ರಿಕೆಯಲ್ಲಿ ಬರುವ ಜಲಾಶಯದ ಮಟ್ಟವನ್ನೂ ನೋಡಿಕೊಳ್ಳುವುದು ಒಳ್ಳೆಯದು.

ಉಳಿದ ನೀರು ಜಲಪಾತಕ್ಕೆ ಬಾರದೆ ಬೇರೆ ದಾರಿಯಲ್ಲಿ ಹೋಗುತ್ತದೆ. ಲಿಂಗನಮಕ್ಕಿಯಿಂದ ತಳಕಳಲೆಯ ಸಮತೋಲನ ಜಲಾಶಯಕ್ಕೆ, ಅಲ್ಲಿಂದ ದೊಡ್ಡ ಕೊಳವೆಗಳ ಮೂಲಕ ಘಟ್ಟದ ಬುಡದಲ್ಲಿರುವ 1,035 ಮೆಗಾವಾಟ್‌ನ ಶರಾವತಿ ವಿದ್ಯುದಾಗಾರಕ್ಕೆ ಇಳಿಯುವ ಈ ನೀರು, ಮತ್ತೆ ಗೇರುಸೊಪ್ಪೆಯ ಅಣೆಕಟ್ಟಿನಲ್ಲಿ ನಿಂತು, ಅಲ್ಲಿಯೂ ವಿದ್ಯುತ್ ಕೊಟ್ಟು, ಹೊನ್ನಾವರದಲ್ಲಿ ಸಮುದ್ರ ಸೇರುತ್ತದೆ. ಬೇಸಿಗೆಯಲ್ಲಿ ಜೋಗ ಒಣಗಿದಂತೆ ಕಂಡರೂ ಶರಾವತಿ ಒಣಗಿರುವುದಿಲ್ಲ. ಅದು ಕೊಳವೆಯೊಳಗೆ ಹರಿಯುತ್ತಿರುತ್ತದೆ.

ಜಲಪಾತದ ಎತ್ತರ 253 ಮೀಟರ್, ಅಂದರೆ ಸುಮಾರು 830 ಅಡಿ. ಇದು ದೇಶದಲ್ಲೇ ಅತಿ ಎತ್ತರದ್ದು ಎಂಬ ಮಾತು ಸರಿಯಲ್ಲ: ಮೇಘಾಲಯದ ನೊಹಕಾಲಿಕಾಯಿ ಇದಕ್ಕಿಂತ ಎತ್ತರದಿಂದ ಧುಮುಕುತ್ತದೆ. ಆದರೆ ಒಂದೇ ಬಂಡೆಯಂಚಿನಿಂದ ನಾಲ್ಕು ಧಾರೆಗಳು ನಾಲ್ಕು ಬಗೆಯಲ್ಲಿ ಇಳಿಯುವುದನ್ನು ಬೇರೆಡೆ ನಾನು ಕಂಡಿಲ್ಲ. ರಾಜ ಎಂಬ ಧಾರೆ ಬಂಡೆಗೆ ತಾಗದೆ ನೇರವಾಗಿ ಬೀಳುತ್ತದೆ; ಪಕ್ಕದ ರೋರರ್ ಇಕ್ಕಟ್ಟಿನಲ್ಲಿ ಗರ್ಜಿಸುತ್ತ ಬಂದು ಅದರತ್ತ ಹೊರಳುತ್ತದೆ (ಜನರ ಬಾಯಲ್ಲಿ ಇದು ರೋವರ್ ಆಗಿದೆ, ಆದರೆ ಹೆಸರು ಬಂದದ್ದು ಅದರ ಆರ್ಭಟದಿಂದ); ರಾಕೆಟ್ ಬಾಣಗಳಂತೆ ಚಿಮ್ಮುತ್ತದೆ; ರಾಣಿ ಬಂಡೆಯ ಮೇಲೆ ನೊರೆಯಾಗಿ ಜಾರುತ್ತದೆ. ಗೇಟು ತೆರೆದ ದಿನ ಈ ಭೇದಗಳೆಲ್ಲ ಅಳಿಸಿಹೋಗುವುದರಿಂದ, ಧಾರೆಗಳನ್ನು ಗುರುತಿಸಬೇಕೆನ್ನುವವರಿಗೆ ಮಳೆ ಇಳಿಮುಖವಾಗುವ ಕಾಲವೇ ಸೂಕ್ತ. ಮಂಜು ಕವಿದಿದ್ದರೆ ಬೇಸರಪಟ್ಟು ಹಿಂದಿರುಗಬೇಡಿ; ಅರ್ಧ ಗಂಟೆ ಕಾದರೆ ಅದು ಸರಿಯುವುದುಂಟು.

ಬೇಸಿಗೆಯಲ್ಲಿ ಬರುವವರಿಗೆ ನನ್ನ ವೃತ್ತಿಯವರು ತೋರಿಸಬಯಸುವುದು ಜೋಗವನ್ನಲ್ಲ, ಹಿರೇಭಾಸ್ಕರವನ್ನು. ಲಿಂಗನಮಕ್ಕಿಗೂ ಮೊದಲು, 1948ರ ಹೊತ್ತಿಗೆ ಆರಂಭವಾದ ಜೋಗದ ವಿದ್ಯುದಾಗಾರಕ್ಕೆ, ಇಂದಿನ ಮಹಾತ್ಮ ಗಾಂಧಿ ಕೇಂದ್ರಕ್ಕೆ, ನೀರು ಕೂಡಿಡಲು ಕಟ್ಟಿದ ಅಣೆಕಟ್ಟದು. ಅದರಲ್ಲಿ ಎಂಜಿನಿಯರ್ ಗಣೇಶ್ ಅಯ್ಯರ್ ರೂಪಿಸಿದ, ಹೆಚ್ಚಾದ ನೀರನ್ನು ಹೊರಬಿಡುವ ಸೈಫನ್ ಕೊಳವೆಗಳಿದ್ದವು: ನೀರು ಅಂಚನ್ನು ಮೀರಿದೊಡನೆ ಸುತ್ತುತ್ತ ಒಳಗಿಳಿದು, ಗಾಳಿಯನ್ನು ಹೊರದಬ್ಬಿ, ಗೇಟಿನ ಹಂಗಿಲ್ಲದೆ ತಾನಾಗಿಯೇ ಭರ್ತಿ ಹರಿಯುತ್ತಿತ್ತು. ಹೊಸ ಜಲಾಶಯ ತುಂಬಿದಾಗ ಆ ಅಣೆಕಟ್ಟೇ ಮುಳುಗಿತು. ಲಿಂಗನಮಕ್ಕಿಯ ನೀರು ತೀರ ಕೆಳಗಿಳಿದ ವರ್ಷಗಳಲ್ಲಿ, ಮಳೆಗಾಲಕ್ಕೆ ಮುಂಚಿನ ಕೆಲವು ವಾರ, ಅದು ಮಡೆನೂರಿನ ಬಳಿ ಮತ್ತೆ ತಲೆ ಎತ್ತುತ್ತದೆ.