ಮೊಬೈಲಿನ ಕಾವಲುಗಾರನಿಗೆ ಕಾಣದ್ದು

ಕಳೆದ ತಿಂಗಳು ಜಯನಗರದ ಹಿರಿಯರೊಬ್ಬರು, ಬ್ಯಾಂಕಿನಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ದುಡಿದು ನಿವೃತ್ತರಾದವರು, ತಮ್ಮ ಫೋನನ್ನು ನನ್ನ ಮೇಜಿನ ಮೇಲಿಟ್ಟು ಅದರಲ್ಲಿ ಹಾಕಿಕೊಂಡಿದ್ದ ಮೂರು ‘ಪ್ರೈವೆಸಿ’ ಆ್ಯಪ್‌ಗಳನ್ನು ಒಂದೊಂದಾಗಿ ತೆರೆದು ತೋರಿಸಿದರು. ಮೊದಲನೆಯದು ಕ್ಯಾಮೆರಾ ಮತ್ತು ಮೈಕನ್ನು ಯಾರು ಯಾವಾಗ ಬಳಸಿದರೆಂದು ಬರೆದಿಡುತ್ತಿತ್ತು. ಎರಡನೆಯದು ಪ್ರತಿ ಆ್ಯಪ್‌ನ ಒಳಗೆ ನಮ್ಮ ಚಲನವಲನವನ್ನು ಹಿಂಬಾಲಿಸುವ ಟ್ರ್ಯಾಕರ್‌ಗಳು ಎಷ್ಟಿವೆ ಎಂದು ಎಣಿಸಿ ಹೇಳುತ್ತಿತ್ತು. ಮೂರನೆಯದರಲ್ಲಿ ಒಂದು ಹಸಿರು ಗುರಾಣಿ, ಅದರ ಕೆಳಗೆ ‘ನಿಮ್ಮ ಫೋನ್ ಸುರಕ್ಷಿತವಾಗಿದೆ’ ಎಂಬ ಸಾಲು. “ಇನ್ನು ಚಿಂತೆಯಿಲ್ಲ ಅಲ್ಲವೇ?” ಎಂದು ಕೇಳಿದರು. ನಾನು ಸೆಟ್ಟಿಂಗ್ಸ್‌ಗೆ ಹೋಗಿ ಆ ಮೂರನೆಯ ಆ್ಯಪ್‌ಗೆ ಅವರು ಕೊಟ್ಟಿದ್ದ ಅನುಮತಿಗಳನ್ನು ತೆರೆದೆ. ಅಕ್ಸೆಸಿಬಿಲಿಟಿ, ನೋಟಿಫಿಕೇಶನ್ ಓದುವ ಹಕ್ಕು, ಕಾಂಟ್ಯಾಕ್ಟ್ಸ್, ಲೊಕೇಶನ್, ಫೋನಿನ ಇಂಟರ್ನೆಟ್ ಸಂಚಾರವನ್ನು ತನ್ನ ಮೂಲಕ ಹಾಯಿಸಿಕೊಳ್ಳುವ ವಿಪಿಎನ್ ಎಲ್ಲವೂ ಇದ್ದವು. ಅವರು ಯಾವ ಆ್ಯಪ್‌ಗಳಿಗೆ ಹೆದರಿ ಇದನ್ನು ಹಾಕಿಕೊಂಡಿದ್ದರೋ ಅವುಗಳಲ್ಲಿ ಒಂದಕ್ಕೂ ಇದರ ಅರ್ಧದಷ್ಟು ಅಧಿಕಾರ ಇರಲಿಲ್ಲ.

ಮೊಬೈಲ್ ಆ್ಯಪ್‌ಗಳನ್ನು ಬಿಡುಗಡೆಗೆ ಮೊದಲು ಭದ್ರತೆಯ ದೃಷ್ಟಿಯಿಂದ ಪರೀಕ್ಷಿಸುವುದು ನನ್ನ ವೃತ್ತಿ. ಬಿಡುವಿದ್ದಾಗ ನೆರೆಹೊರೆಯವರ ಫೋನುಗಳನ್ನೂ ನೋಡಿಕೊಡುತ್ತೇನೆ. ವರ್ಷಗಳಿಂದ ಒಂದೇ ತಪ್ಪು ತಿಳಿವಳಿಕೆಯನ್ನು ಮತ್ತೆ ಮತ್ತೆ ಕಾಣುತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ: ಗಮನಿಸುವ ಸಾಧನವನ್ನು ಜನ ತಡೆಯುವ ಸಾಧನವೆಂದು ನಂಬಿಬಿಡುತ್ತಾರೆ. ಓದಿದವರು, ಓದದವರು ಎಂಬ ಭೇದ ಇಲ್ಲಿಲ್ಲ. ವೈಟ್‌ಫೀಲ್ಡ್‌ನ ಸಾಫ್ಟ್‌ವೇರ್ ಎಂಜಿನಿಯರುಗಳೂ ‘ಇನ್ನು ಚಿಂತೆಯಿಲ್ಲ’ ಎಂಬ ಮಾತನ್ನೇ ಹೇಳಿದ್ದಾರೆ.

ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಸೆಕ್ಯುರಿಟಿಯವರು ಇಟ್ಟುಕೊಂಡಿರುವ ರಿಜಿಸ್ಟರನ್ನು ನೆನಪಿಸಿಕೊಳ್ಳಿ. 10.40ಕ್ಕೆ ಒಬ್ಬರು ಬಂದರು, 302ಕ್ಕೆ ಹೋದರು, 11.05ಕ್ಕೆ ಹೊರಗೆ ಹೋದರು ಎಂದು ಅದರಲ್ಲಿರುತ್ತದೆ. ಬಂದವರು ಮನೆಯೊಳಗೆ ಏನು ನೋಡಿದರು, ಹೋಗುವಾಗ ಚೀಲದಲ್ಲಿ ಏನಿತ್ತು, ಅದನ್ನು ಯಾರಿಗೆ ಕೊಟ್ಟರು ಎಂಬುದು ಅದರಲ್ಲಿರುವುದಿಲ್ಲ. ಅದಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ಇಂಟರ್‌ಕಾಮ್‌ನಲ್ಲಿ ‘ಕಳಿಸಿ’ ಎಂದವರು ನೀವೇ ಆಗಿದ್ದರೆ ರಿಜಿಸ್ಟರ್ ಇಟ್ಟವನಿಗೆ ಆ ಭೇಟಿಯಲ್ಲಿ ತಪ್ಪು ಕಾಣಲು ಕಾರಣವೇ ಇಲ್ಲ. ಆ್ಯಂಡ್ರಾಯ್ಡ್ 12ರಿಂದ, ಅಂದರೆ 2021ರಿಂದ, ಫೋನಿನಲ್ಲೇ ಬರುವ ಪ್ರೈವೆಸಿ ಡ್ಯಾಶ್‌ಬೋರ್ಡ್ ಮಾಡುವುದು ಇಷ್ಟೇ ಕೆಲಸ. ಐಫೋನಿನಲ್ಲಿ ಐಓಎಸ್ 15.2ರ ನಂತರ ಬಂದ ಆ್ಯಪ್ ಪ್ರೈವೆಸಿ ರಿಪೋರ್ಟ್, ಆ್ಯಪ್ ಯಾವ ಯಾವ ಡೊಮೇನ್‌ಗಳನ್ನು, ಅಂದರೆ ಇಂಟರ್ನೆಟ್ ವಿಳಾಸಗಳನ್ನು, ಸಂಪರ್ಕಿಸಿತು ಎಂಬುದನ್ನೂ ಸೇರಿಸಿ ತೋರಿಸುತ್ತದೆ. ಆ ಮಟ್ಟಿಗೆ ಅದು ಒಂದು ಹೆಜ್ಜೆ ಮುಂದು. ಎರಡರಲ್ಲಿಯೂ ಇರುವುದು ಆಗಿಹೋದದ್ದರ ದಾಖಲೆ. ಅದನ್ನು ನೋಡಿ ಅನುಮತಿಯನ್ನು ವಾಪಸ್ ಪಡೆಯುವ ಕೆಲಸ ನಿಮ್ಮ ಬೆರಳಿನದೇ.

ನಮ್ಮ ಮನೆಯ ಒಂದು ಉದಾಹರಣೆ ಹೇಳುತ್ತೇನೆ. ನನ್ನ ತಾಯಿಯ ಫೋನಿನಲ್ಲಿ ಒಂದು ಪಂಚಾಂಗದ ಆ್ಯಪ್ ಇದೆ. ಡ್ಯಾಶ್‌ಬೋರ್ಡ್ ತೆರೆದರೆ ದಿನವೂ ಬೆಳಿಗ್ಗೆ ಲೊಕೇಶನ್ ಬಳಸಿದ್ದು ಕಾಣುತ್ತಿತ್ತು. ಇದು ಅತಿಕ್ರಮಣವೇ? ರಾಹುಕಾಲವನ್ನು ಲೆಕ್ಕ ಹಾಕಲು ಸೂರ್ಯೋದಯ, ಸೂರ್ಯಾಸ್ತದ ಸಮಯ ಬೇಕು, ಅದಕ್ಕೆ ಊರು ಯಾವುದೆಂದು ತಿಳಿಯಬೇಕು. ಆದುದರಿಂದ ಆ್ಯಪ್ ಕೇಳುವುದರಲ್ಲಿ ನ್ಯಾಯವಿದೆ. ಆದರೆ ಬೆಂಗಳೂರಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಸೂರ್ಯೋದಯದ ವ್ಯತ್ಯಾಸ ಎರಡು ನಿಮಿಷವೂ ಆಗುವುದಿಲ್ಲ. ಪಟ್ಟಿಯಿಂದ ‘ಬೆಂಗಳೂರು’ ಎಂದು ಆರಿಸಿದರೆ ಸಾಕಿತ್ತು. ನನ್ನ ತಾಯಿ ಯಾವ ಬೀದಿಯ ಯಾವ ಮನೆಯಲ್ಲಿದ್ದಾರೆ ಎಂಬಷ್ಟು ನಿಖರವಾದ ಸ್ಥಳ ಪಂಚಾಂಗಕ್ಕೆ ಬೇಕಿಲ್ಲ. ಈ ವಿವೇಚನೆಯನ್ನು ಯಾವ ಸಾಧನವೂ ಮಾಡಿಕೊಡಲಿಲ್ಲ. ಅದು ‘ಲೊಕೇಶನ್, ಬೆಳಿಗ್ಗೆ 5.52’ ಎಂದಷ್ಟೇ ಬರೆದಿತ್ತು. ಆ ಸ್ಥಳ ಲೆಕ್ಕಕ್ಕೆ ಬಳಕೆಯಾಗಿ ಫೋನಿನಲ್ಲೇ ಉಳಿಯಿತೋ, ಜಾಹೀರಾತು ಕಂಪನಿಯ ಸರ್ವರ್‌ಗೆ ಹೋಯಿತೋ ಎಂಬುದು ಆ ಸಾಲಿನಿಂದ ಗೊತ್ತಾಗುವಂಥದ್ದಲ್ಲ. ಮನೆಯವರೆಲ್ಲ ಅದನ್ನು ಓದಿ ‘ಪಂಚಾಂಗ ತಾನೇ’ ಎಂದು ಸುಮ್ಮನಾಗಿದ್ದರು.

ಇದಕ್ಕಿಂತ ನೋವಿನ ಪ್ರಕರಣ ಬಿಟಿಎಂ ಲೇಔಟಿನ ಪಿಜಿಯಲ್ಲಿದ್ದ ಒಬ್ಬ ಹುಡುಗನದು. ಹಾಸನದ ಕಡೆಯವನು, ಡೆಲಿವರಿ ಕೆಲಸ ಮಾಡುತ್ತಿದ್ದ. ಗಾಡಿ ರಿಪೇರಿಗೆಂದು ಯಾರೋ ಕಳಿಸಿದ ಲಿಂಕಿನಿಂದ ಒಂದು ಸಾಲದ ಆ್ಯಪ್ ಹಾಕಿಕೊಂಡು, ಕೇಳಿದ್ದಕ್ಕೆಲ್ಲ ‘ಅಲೋ’ ಒತ್ತಿದ್ದ. ಮೂರು ವಾರಗಳ ನಂತರ ಅವನ ತಾಯಿಗೆ, ಪ್ರೌಢಶಾಲೆಯ ಮೇಷ್ಟರಿಗೆ, ಹಳೆಯ ಮಾಲೀಕರಿಗೆ ಬೆದರಿಕೆಯ ಕರೆಗಳು ಹೋಗತೊಡಗಿದವು. ಅವನು ನನ್ನ ಬಳಿ ಬಂದಾಗ ಫೋನಿನ ಡ್ಯಾಶ್‌ಬೋರ್ಡ್ ತೆರೆದು, “ಸರ್, ಇದರಲ್ಲಿ ಆ ಆ್ಯಪ್‌ನ ಹೆಸರೇ ಇಲ್ಲ. ಹಾಗಾದರೆ ನಂಬರ್‌ಗಳು ಎಲ್ಲಿಂದ ಸಿಕ್ಕವು?” ಎಂದು ಕೇಳಿದ. ಅವನ ಫೋನಿನ ಡ್ಯಾಶ್‌ಬೋರ್ಡ್ ಕೊನೆಯ 24 ಗಂಟೆಗಳನ್ನು ಮಾತ್ರ ತೋರಿಸುವಂಥದ್ದು. ಹೊಸ ಆವೃತ್ತಿಗಳಲ್ಲಿ 7 ದಿನ ಇದೆ, ಇದ್ದಿದ್ದರೂ ಅವನಿಗೆ ಉಪಯೋಗವಾಗುತ್ತಿರಲಿಲ್ಲ. ನಾನೂರು ಹೆಸರುಗಳ ಕಾಂಟ್ಯಾಕ್ಟ್ಸ್ ಪಟ್ಟಿಯನ್ನು ಪೂರ್ತಿ ಓದಿ ಕಳಿಸಲು ಕೆಲವು ಸೆಕೆಂಡು ಸಾಕು, ಅದೂ ಒಂದೇ ಸಲ. ಆಮೇಲೆ ಅನುಮತಿ ಹಿಂತೆಗೆದುಕೊಂಡರೂ ಆ್ಯಪ್ ಅಳಿಸಿಹಾಕಿದರೂ ಹೋದ ಪಟ್ಟಿ ಹಿಂದಿರುಗುವುದಿಲ್ಲ. ಮೈಕ್, ಕ್ಯಾಮೆರಾ ಬಳಸಿದಾಗ ಪರದೆಯ ಮೂಲೆಯಲ್ಲಿ ಹಸಿರು ಚುಕ್ಕೆ ಬರುತ್ತದೆ. ಕಾಂಟ್ಯಾಕ್ಟ್ಸ್ ಓದುವಾಗ ಯಾವ ಚುಕ್ಕೆಯೂ ಬರುವುದಿಲ್ಲ.

ಆ ಹುಡುಗನಿಂದ ಸೈಬರ್ ವಂಚನೆಯ 1930 ಸಹಾಯವಾಣಿಗೆ ಕರೆ ಮಾಡಿಸಿ, ಅವನ ವ್ಯಾಪ್ತಿಯ ಸಿಇಎನ್ (ಸೈಬರ್ ಅಪರಾಧ) ಪೊಲೀಸ್ ಠಾಣೆಗೆ ಕಳಿಸಿದೆ. ಡಿಜಿಟಲ್ ಸಾಲದ ಆ್ಯಪ್‌ಗಳು ಗ್ರಾಹಕರ ಕಾಂಟ್ಯಾಕ್ಟ್ಸ್, ಕರೆಗಳ ವಿವರ, ಫೈಲುಗಳನ್ನು ಮುಟ್ಟಬಾರದೆಂದು ರಿಸರ್ವ್ ಬ್ಯಾಂಕ್ 2022ರ ಸೆಪ್ಟೆಂಬರ್‌ನಲ್ಲಿಯೇ ಮಾರ್ಗಸೂಚಿ ಹೊರಡಿಸಿದೆ. 2023ರ ಮೇ ಅಂತ್ಯದಿಂದ ಗೂಗಲ್ ಪ್ಲೇ ಸಹ ವೈಯಕ್ತಿಕ ಸಾಲದ ಆ್ಯಪ್‌ಗಳಿಗೆ ಕಾಂಟ್ಯಾಕ್ಟ್ಸ್ ಮತ್ತು ಫೋಟೋಗಳನ್ನು ನಿರ್ಬಂಧಿಸಿದೆ. ಲಿಂಕಿನಿಂದ ನೇರವಾಗಿ ಹಾಕಿಕೊಂಡ ಎಪಿಕೆಗೆ, ಅಂದರೆ ಆ್ಯಪ್‌ನ ಫೈಲಿಗೆ, ಪ್ಲೇ ಸ್ಟೋರಿನ ನಿಯಮ ಅನ್ವಯಿಸುವುದಿಲ್ಲ ಎಂಬುದನ್ನು ಅವನಿಗೆ ಯಾರೂ ಹೇಳಿರಲಿಲ್ಲ.

ಇನ್ನು ಇಂಟರ್ನೆಟ್‌ನ ವಿಷಯ. ಇದನ್ನು ಕೇಳಿದವರೆಲ್ಲ ಬೆರಗಾಗುತ್ತಾರೆ. ಆ್ಯಂಡ್ರಾಯ್ಡ್‌ನಲ್ಲಿ ಇಂಟರ್ನೆಟ್ ಬಳಸುವುದಕ್ಕೂ ಒಂದು ಅನುಮತಿ ಇದೆ, ಆದರೆ ಅದನ್ನು ನಿಮ್ಮನ್ನು ಕೇಳುವುದಿಲ್ಲ. ಆ್ಯಪ್ ಹಾಕಿಕೊಂಡ ಕ್ಷಣವೇ ಅದು ತಾನಾಗಿ ಸಿಗುತ್ತದೆ. ಪ್ರೈವೆಸಿ ಡ್ಯಾಶ್‌ಬೋರ್ಡ್‌ನಲ್ಲಿ ಅದರ ಸುಳಿವೇ ಇಲ್ಲ. ಈ ಕೊರತೆಯನ್ನು ತುಂಬಲು ಫೋನಿನೊಳಗೇ ಒಂದು ವಿಪಿಎನ್ ಹುಟ್ಟುಹಾಕಿ, ಎಲ್ಲ ಆ್ಯಪ್‌ಗಳ ಸಂಚಾರವನ್ನು ಅದರ ಮೂಲಕ ಹಾಯಿಸಿ, ಟ್ರ್ಯಾಕರ್ ಡೊಮೇನ್‌ಗಳನ್ನು ಕತ್ತರಿಸುವ ಸಾಧನಗಳು ಬಂದಿವೆ. ನೆಟ್‌ಗಾರ್ಡ್, ಟ್ರ್ಯಾಕರ್‌ಕಂಟ್ರೋಲ್, ಡಕ್‌ಡಕ್‌ಗೋದ ಟ್ರ್ಯಾಕಿಂಗ್ ತಡೆ ಇವೆಲ್ಲ ಈ ಜಾತಿಯವು. ಇವು ನೋಡುವುದರ ಜೊತೆಗೆ ತಡೆಯುತ್ತವೆ, ಆದ್ದರಿಂದ ನಾನು ಇವನ್ನು ಗೌರವದಿಂದಲೇ ಕಾಣುತ್ತೇನೆ. ಆದರೂ ಮಿತಿಗಳನ್ನು ಹೇಳಲೇಬೇಕು. ಸಂಚಾರ ಎನ್‌ಕ್ರಿಪ್ಟ್ ಆಗಿರುವುದರಿಂದ, ಅಂದರೆ ಗೂಢಲಿಪಿಯಲ್ಲಿರುವುದರಿಂದ, ಯಾವ ವಿಳಾಸಕ್ಕೆ ಹೋಯಿತೆಂದು ಕಾಣಬಹುದೇ ಹೊರತು ಏನು ಹೋಯಿತೆಂದು ಸಾಮಾನ್ಯವಾಗಿ ಕಾಣುವುದಿಲ್ಲ. ಪಟ್ಟಿಯಲ್ಲಿ ಇಲ್ಲದ ವಿಳಾಸಕ್ಕೆ ತಡೆಯಿಲ್ಲ. ಆ್ಯಪ್ ತನ್ನದೇ ಸರ್ವರ್‌ಗೆ ನಿಮ್ಮ ಮಾಹಿತಿ ಕಳಿಸಿ, ಆ ಸರ್ವರ್ ಅದನ್ನು ಮೂರನೆಯವರಿಗೆ ದಾಟಿಸಿದರೆ, ಅದು ನಡೆಯುವುದು ನಿಮ್ಮ ಫೋನಿನಿಂದ ದೂರದಲ್ಲಿ. ನಿಮ್ಮ ಕೈಯಲ್ಲಿರುವ ಯಾವ ಸಾಧನಕ್ಕೂ ಅದು ಗೋಚರವಾಗುವುದಿಲ್ಲ. ನಮ್ಮ ಊರಿನವರಿಗೆ ಇನ್ನೊಂದು ತೊಡಕಿದೆ. ಆ್ಯಂಡ್ರಾಯ್ಡ್‌ನ ಒಂದು ಪ್ರೊಫೈಲ್‌ನಲ್ಲಿ (ಫೋನಿನೊಳಗಿನ ಒಂದು ಪ್ರತ್ಯೇಕ ವಿಭಾಗದಲ್ಲಿ) ಒಮ್ಮೆಗೆ ಒಂದೇ ವಿಪಿಎನ್ ನಡೆಯುತ್ತದೆ. ವರ್ಕ್ ಫ್ರಂ ಹೋಮ್ ದಿನ ಅದೇ ಪ್ರೊಫೈಲ್‌ನಲ್ಲಿ ಆಫೀಸಿನ ವಿಪಿಎನ್ ಹಾಕಿದ ಕೂಡಲೇ ಟ್ರ್ಯಾಕರ್ ತಡೆಯುವ ವಿಪಿಎನ್ ನಿಂತುಹೋಗುತ್ತದೆ, ಸಂಜೆ ಅದನ್ನು ಮತ್ತೆ ಚಾಲೂ ಮಾಡಲು ನೆನಪಿಟ್ಟುಕೊಳ್ಳುವವರು ಕಡಿಮೆ.

ಹಿರಿಯರ ಫೋನಿನ ಹಸಿರು ಗುರಾಣಿಗೆ ಹಿಂದಿರುಗುತ್ತೇನೆ. ಅದಕ್ಕೆ ಅಷ್ಟು ಅಧಿಕಾರ ಏಕೆ ಬೇಕಾಯಿತು? ಆ್ಯಂಡ್ರಾಯ್ಡ್ ಪ್ರತಿಯೊಂದು ಆ್ಯಪನ್ನೂ ಬೇರೆ ಬೇರೆ ಕೋಣೆಯಲ್ಲಿಟ್ಟು ಬೀಗ ಹಾಕಿರುತ್ತದೆ. ಸಾಮಾನ್ಯ ಆ್ಯಪ್ ಪಕ್ಕದ ಕೋಣೆಯೊಳಗೆ ಇಣುಕಲಾರದು. ಇದೇ ನಮ್ಮ ಅತಿ ದೊಡ್ಡ ರಕ್ಷಣೆ. ಇತರ ಆ್ಯಪ್‌ಗಳನ್ನು ಕಾಯುತ್ತೇನೆ ಎನ್ನುವ ಆ್ಯಪ್ ಈ ಗೋಡೆಯನ್ನು ದಾಟಲೇಬೇಕು. ಅದಕ್ಕಾಗಿ ಅಕ್ಸೆಸಿಬಿಲಿಟಿಯನ್ನೋ ವಿಪಿಎನ್ ಅನ್ನೋ ಕೇಳುತ್ತದೆ. ಅಕ್ಸೆಸಿಬಿಲಿಟಿ ಇರುವುದು ದೃಷ್ಟಿದೋಷ ಮುಂತಾದ ತೊಂದರೆ ಇರುವವರ ಅನುಕೂಲಕ್ಕೆ. ಪರದೆಯ ಮೇಲೆ ಬರುವುದನ್ನು ಓದುವ, ನಿಮ್ಮ ಪರವಾಗಿ ಗುಂಡಿ ಒತ್ತುವ ಶಕ್ತಿ ಅದಕ್ಕಿದೆ. ಮದುವೆಯ ಕರೆಯೋಲೆ, ಟ್ರಾಫಿಕ್ ದಂಡದ ನೋಟಿಸ್ ಎಂಬ ಹೆಸರಿನಲ್ಲಿ ವಾಟ್ಸ್‌ಆ್ಯಪ್‌ನಲ್ಲಿ ಬರುವ ವಂಚನೆಯ ಎಪಿಕೆಗಳೂ ಹಲವು ಬಾರಿ ಇದೇ ಅನುಮತಿಯನ್ನು ಅಥವಾ ಎಸ್‌ಎಂಎಸ್ ಓದುವ ಅನುಮತಿಯನ್ನು ಬೇಡುತ್ತವೆ.

ಕಾವಲಿನ ಹೆಸರಿನಲ್ಲಿ ಮಾಹಿತಿ ಸೋರಬಹುದೆಂಬುದು ಪುಸ್ತಕದ ಬದನೆಕಾಯಿಯಲ್ಲ, ನಿಜವಾಗಿ ನಡೆದದ್ದು. ಫೇಸ್‌ಬುಕ್ 2013ರಲ್ಲಿ ಕೊಂಡ ಓನಾವೋ ಕಂಪನಿಯ ‘ಪ್ರೊಟೆಕ್ಟ್’ ಎಂಬ ವಿಪಿಎನ್ ಆ್ಯಪ್, ಬಳಕೆದಾರರು ಯಾವ ಯಾವ ಆ್ಯಪ್ ಬಳಸುತ್ತಾರೆಂಬ ಮಾಹಿತಿಯನ್ನು ಸಂಗ್ರಹಿಸಿ ಫೇಸ್‌ಬುಕ್‌ಗೆ ಒದಗಿಸುತ್ತಿತ್ತು. 2018ರಲ್ಲಿ ಅದು ಆಪಲ್‌ನ ಸ್ಟೋರಿನಿಂದ ಹೊರಬಿತ್ತು, 2023ರಲ್ಲಿ ಆಸ್ಟ್ರೇಲಿಯಾದ ಫೆಡರಲ್ ನ್ಯಾಯಾಲಯ ಜನರನ್ನು ದಾರಿತಪ್ಪಿಸಿದ್ದಕ್ಕಾಗಿ 2 ಕೋಟಿ ಆಸ್ಟ್ರೇಲಿಯನ್ ಡಾಲರ್ ದಂಡ ವಿಧಿಸಿತು. ಆ್ಯಂಟಿವೈರಸ್‌ಗೆ ಹೆಸರಾದ ಅವಾಸ್ಟ್, ತನ್ನ ಬಳಕೆದಾರರ ಬ್ರೌಸಿಂಗ್ ಮಾಹಿತಿಯನ್ನು ಜಂಪ್‌ಶಾಟ್ ಎಂಬ ಅಂಗಸಂಸ್ಥೆಯ ಮೂಲಕ ಮಾರಿತ್ತು. 2020ರಲ್ಲಿ ಅದನ್ನು ಮುಚ್ಚಿತು, 2024ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1.65 ಕೋಟಿ ಡಾಲರ್ ಕಟ್ಟಬೇಕೆಂದಿತು. 2016ರಲ್ಲಿ ಸಂಶೋಧಕರು 283 ಆ್ಯಂಡ್ರಾಯ್ಡ್ ವಿಪಿಎನ್ ಆ್ಯಪ್‌ಗಳನ್ನು ಪರೀಕ್ಷಿಸಿದಾಗ, ಅವುಗಳಲ್ಲಿ ಶೇ. 75ರಷ್ಟು ಮೂರನೆಯವರ ಟ್ರ್ಯಾಕಿಂಗ್ ಲೈಬ್ರರಿಗಳನ್ನು ಒಳಗಿಟ್ಟುಕೊಂಡಿದ್ದವು. ಎಲ್ಲ ಸಾಧನಗಳೂ ಹೀಗೆಂದು ನಾನು ಹೇಳುತ್ತಿಲ್ಲ. ಮುಕ್ತ ತಂತ್ರಾಂಶವಾಗಿ ಬಂದಿರುವ ಕೆಲವನ್ನು ನಾನೇ ಬಳಸುತ್ತೇನೆ. ಆದರೆ ಕಾವಲುಗಾರನಿಗೆ ಮನೆಯ ಎಲ್ಲ ಕೀಲಿಗಳನ್ನು ಕೊಡುವ ಮೊದಲು ಅವನಿಗೆ ಸಂಬಳ ಕೊಡುವವರು ಯಾರೆಂದು ವಿಚಾರಿಸಬೇಕಲ್ಲವೇ?

ಈ ಸಾಧನಗಳಿಂದ ಪ್ರಯೋಜನವೇ ಇಲ್ಲವೆಂದರೆ ಅನ್ಯಾಯವಾದೀತು. 2020ರ ಜೂನ್‌ನಲ್ಲಿ ಐಓಎಸ್ 14ರ ಪರೀಕ್ಷಾ ಆವೃತ್ತಿ, ನಾವು ಕಾಪಿ ಮಾಡಿದ್ದು ಉಳಿಯುವ ಕ್ಲಿಪ್‌ಬೋರ್ಡನ್ನು ಯಾವುದಾದರೂ ಆ್ಯಪ್ ಓದಿದರೆ ಒಂದು ಸಣ್ಣ ಸೂಚನೆ ಕೊಡತೊಡಗಿತು. ಟಿಕ್‌ಟಾಕ್ ಸೇರಿದಂತೆ ಹಲವು ಆ್ಯಪ್‌ಗಳು ಸಿಕ್ಕಿಬಿದ್ದವು. ಸ್ಪ್ಯಾಮ್ ಪತ್ತೆಗೆ ಹಾಗೆ ಮಾಡುತ್ತಿದ್ದೆವೆಂದು ಸಮಜಾಯಿಷಿ ಕೊಟ್ಟ ಟಿಕ್‌ಟಾಕ್ ಅದನ್ನು ತೆಗೆದುಹಾಕಿತು. ಲೊಕೇಶನ್ ಅನುಮತಿ ಇಲ್ಲದ ಕೆಲವು ಆ್ಯಪ್‌ಗಳು ವೈ-ಫೈ ರೂಟರಿನ ವಿಳಾಸದಿಂದ, ಫೋಟೋಗಳೊಳಗೆ ಅಡಗಿರುವ ಸ್ಥಳದ ವಿವರದಿಂದ ಬಳಕೆದಾರರು ಎಲ್ಲಿದ್ದಾರೆಂದು ತಿಳಿಯುತ್ತಿದ್ದುದನ್ನು 2019ರಲ್ಲಿ ಹೊರಗೆಳೆದವರೂ ಸಂಶೋಧಕರೇ. ಬಲ್ಲವರ ಕೈಯಲ್ಲಿ ಗಮನಿಸುವ ಸಾಧನ ಸಾಕ್ಷ್ಯವನ್ನು ಒದಗಿಸುತ್ತದೆ, ಆ ಸಾಕ್ಷ್ಯದಿಂದ ಕಂಪನಿಗಳು ನಡೆ ಬದಲಿಸುತ್ತವೆ. ಅದರ ಲಾಭ ನಿಧಾನವಾಗಿ ನಮಗೆಲ್ಲ ಸಿಗುತ್ತದೆ. ಇವತ್ತು ಸಂಜೆ ನಿಮ್ಮ ಫೋನಿನಿಂದ ಹೋಗಲಿರುವ ಮಾಹಿತಿಯನ್ನು ಅದು ನಿಲ್ಲಿಸುವುದಿಲ್ಲ.

ನಿಲ್ಲಿಸುವುದು ‘ಡೋಂಟ್ ಅಲೋ’ ಎಂಬ ಗುಂಡಿ. ಲೊಕೇಶನ್ ಕೊಡಲೇಬೇಕಾದರೆ ‘ಅಂದಾಜು ಸ್ಥಳ’ ಎಂಬ ಆಯ್ಕೆ ಇದೆ, ಅದು ಸುಮಾರು 3 ಚದರ ಕಿಲೋಮೀಟರ್ ಪ್ರದೇಶವನ್ನಷ್ಟೇ ತಿಳಿಸುತ್ತದೆ. ‘ಈ ಸಲ ಮಾತ್ರ’ ಎಂಬುದು ಆ್ಯಂಡ್ರಾಯ್ಡ್ 11ರಿಂದಲೇ ಇದೆ. ಜಾಹೀರಾತುಗಳಿಗಾಗಿ ನಿಮ್ಮ ಫೋನನ್ನು ಗುರುತಿಸುವ ಐಡಿಯನ್ನು ಸೆಟ್ಟಿಂಗ್ಸ್‌ನಲ್ಲಿ ಅಳಿಸಬಹುದು. ಕಾನೂನಿನ ಕಡೆಯಿಂದಲೂ ಒಂದು ಆಸರೆ ಬರುತ್ತಿದೆ. ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟ್ 2017ರ ಆಗಸ್ಟ್ 24ರಂದು ಹೇಳಿದ್ದು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೊಳಗೇ ಒಂದು ದೃಷ್ಟಾಂತವಿದೆ: ವೈದ್ಯಕೀಯ ಸಲಹೆಯ ಆ್ಯಪ್ ಒಂದು ಕಾಂಟ್ಯಾಕ್ಟ್ಸ್ ಸಹ ಕೇಳಿ, ಬಳಕೆದಾರರು ಒಪ್ಪಿದರೂ, ಆ ಸೇವೆಗೆ ಕಾಂಟ್ಯಾಕ್ಟ್ಸ್ ಅಗತ್ಯವಿಲ್ಲದ ಕಾರಣ ಆ ಒಪ್ಪಿಗೆ ಕಾಂಟ್ಯಾಕ್ಟ್ಸ್‌ಗೆ ಅನ್ವಯಿಸುವುದಿಲ್ಲ. ಕಾಯ್ದೆ ಹಂತಹಂತವಾಗಿ ಜಾರಿಯಾಗುವಂಥದ್ದು. ಅದು ಪೂರ್ತಿ ಬಲಕ್ಕೆ ಬರುವ ತನಕ ಆ ದೃಷ್ಟಾಂತವನ್ನು ನಿಮ್ಮ ಫೋನಿಗೆ ನೀವೇ ಅನ್ವಯಿಸಿಕೊಳ್ಳಬಹುದು.

ಜಯನಗರದ ಹಿರಿಯರ ಫೋನಿನಿಂದ ಗುರಾಣಿಯನ್ನು ಅಂದೇ ತೆಗೆಸಿದೆ, ಉಳಿದ ಅನುಮತಿಗಳನ್ನು ಇಬ್ಬರೂ ಕುಳಿತು ಒಂದು ಗಂಟೆ ಶೋಧಿಸಿದೆವು. ಮುಂದಿನ ವಾರ ಅವರೇ ಫೋನ್ ಮಾಡಿದರು. ತರಕಾರಿ ತರಿಸುವ ಹೊಸ ಆ್ಯಪ್ ಕಾಂಟ್ಯಾಕ್ಟ್ಸ್ ಕೇಳಿತಂತೆ, ಬೇಡವೆಂದು ಒತ್ತಿದರಂತೆ, ಆದರೂ ಸೊಪ್ಪು ಮನೆಗೆ ಬಂತಂತೆ. ಅವರ ದನಿಯಲ್ಲಿದ್ದ ಸಂತೋಷವನ್ನು ಕೇಳಿ ನನಗೂ ಸಂತೋಷವಾಯಿತು. ಮಾತು ಮುಗಿಸುವ ಮುನ್ನ, ಮನೆಯವರ ಫೋನಿನಲ್ಲಿಯೂ ಒಮ್ಮೆ ನೋಡಿ ಎಂದೆ. ಅವರು ಫೋನ್ ಹಿಡಿದುಕೊಂಡೇ ಹೋಗಿ ನೋಡಿ ಬಂದರು. ಅದೇ ಆ್ಯಪ್ ಅಲ್ಲಿ ಎರಡು ವರ್ಷದಿಂದ ಇದೆ, ಕಾಂಟ್ಯಾಕ್ಟ್ಸ್ ಅನುಮತಿಯೂ ಇದೆ, ಆ ಪಟ್ಟಿಯಲ್ಲಿ ಮೊದಲ ಹೆಸರು ತಮ್ಮದೇ ಎಂದರು.